ಮಾವನ ಹೊಲಿದ ಪುಸ್ತಕ

ನಮ್ಮ ಬೀದಿಗೆ ಅವರು ಬಂದದ್ದು ಬೇಸಿಗೆಯ ಪೈನಿ ತಿಂಗಳ ಹನ್ನೊಂದರಂದು, ಬಿಸಿಲು ಏರುವ ಹೊತ್ತಿಗೆ. ಅದಕ್ಕೆ ಆರು ದಿನ ಮೊದಲು ಚಕ್ರವರ್ತಿಯ ಆಜ್ಞೆಯನ್ನು ಅಲೆಕ್ಸಾಂಡ್ರಿಯಾದ ದೊಡ್ಡ ಪೇಟೆಯಲ್ಲಿ ಗಟ್ಟಿಯಾಗಿ ಓದಿ, ಹಲಗೆಯ ಮೇಲೆ ಬರೆದು ನೇತುಹಾಕಿದ್ದರು. ಕ್ರೈಸ್ತರ ಸಭಾಮನೆಗಳನ್ನು ಕೆಡವಬೇಕು, ಅವರ ಪುಸ್ತಕಗಳನ್ನು ವಶಪಡಿಸಿಕೊಂಡು ಸುಡಬೇಕು ಎಂಬುದು ಅದರ ಸಾರ. ಸಭೆಯ ಪುಸ್ತಕಗಳು ಸಭಾಮನೆಯಲ್ಲಿ ಇರುವುದಿಲ್ಲ, ಅವುಗಳನ್ನು ಓದುವ ವಾಚಕರ ಮನೆಗಳಲ್ಲಿ ಇರುತ್ತವೆ ಎಂಬುದು ನಗರಸಭೆಯವರಿಗೆ ಗೊತ್ತಿತ್ತು. ಹಾಗಾಗಿ ಅವರು ಮೊದಲು ಮಾಡಿದ ಕೆಲಸ ವಾಚಕರ ಪಟ್ಟಿ. ಅದರಲ್ಲಿ ನನ್ನ ಹೆಸರು ಹದಿನಾಲ್ಕನೆಯದು. ಪಾನಿಸ್ಕೋಸ್, ನಕಲುಗಾರ, ನಿಕಾನೋರನ ಮನೆಯಲ್ಲಿ ವಾಸ.

ನಿಕಾನೋರ್ ನನ್ನ ಮಾವ. ನಾನು ಮನೆಯಳಿಯ. ಮಾವ ನಲವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಮಾಡಿದವರು. ಹಳೆಯ ಗ್ರೀಕ್ ಗುರುಗಳ ಮಾತಿನ ಮೇಲೆ ನಿಂತವರು. ಕ್ರೈಸ್ತರಲ್ಲ, ಆಗುವ ಮನಸ್ಸೂ ಇಲ್ಲ. ಮಗಳು ತ್ರಿಫೈನಾ ನನಗಿಂತ ಮೊದಲೇ ದೀಕ್ಷಾಸ್ನಾನ ಪಡೆದಾಗ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ. ಆಮೇಲೆ ಕಣ್ಣು ಹೋಯಿತು. ಕಣ್ಣು ಹೋದ ಮೇಲೆ ಅವರಿಗೆ ಬರೆದುಕೊಳ್ಳುವ ಕೈಯೊಂದು ಬೇಕಾಯಿತು, ನಾನು ಸಿಕ್ಕಿದೆ.

ಮೂರು ವರ್ಷದಿಂದ ದಿನವೂ ಬೆಳಿಗ್ಗೆ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅದು ಅವರ ಜೀವಮಾನದ ಪುಸ್ತಕ. ಬೇರೆ ಪ್ರತಿ ಇರಲಿಲ್ಲ. ತತ್ತ್ವಶಾಸ್ತ್ರದ ಪುಸ್ತಕವನ್ನು ಎಲ್ಲರೂ ಸುರುಳಿಯಲ್ಲಿ ಬರೆಯುತ್ತಾರೆ. ನಾನು ಹಾಳೆ ಮಡಚಿ, ಹೊಲಿದು, ಎರಡೂ ಮಗ್ಗುಲಲ್ಲಿ ಬರೆದೆ. ಸಭೆಗಾಗಿ ಹತ್ತು ವರ್ಷ ಹಾಗೇ ಬರೆದು ಕೈ ಅದಕ್ಕೇ ಒಗ್ಗಿತ್ತು. ನಮ್ಮ ಸಭೆಯ ಪುಸ್ತಕಗಳೆಲ್ಲ ಹೊಲಿದವೇ. ಮಾವ ಮೊದಲ ದಿನವೇ ಬೆರಳಾಡಿಸಿ ಕಂಡುಹಿಡಿದಿದ್ದರು.

"ಇದೇನು, ಉಪ್ಪುಮೀನು ಮಾರೋನ ಚೀಟಿ ಕಟ್ಟಿನ ಹಾಗಿದೆ? ನನ್ನ ವಿಚಾರಾನ ಇದರಲ್ಲಾ ಬರೆಯೋದು?"

"ಕರಡು ಮಾವ. ಮುಗಿದ ಮೇಲೆ ಸುರುಳಿಗೆ ಏರಿಸ್ತೀನಿ."

"ಏರಿಸು, ಏರಿಸು. ನಿಮ್ಮೋರಿಗೆ ಎಲ್ಲಾನೂ ಹೊಲಿದು ಬಿಡೋ ಚಟ. ಸ್ವರ್ಗಾನೂ ಭೂಮೀನೂ ಹೊಲಿದುಬಿಟ್ಟಿದೀರಿ."

ಆಜ್ಞೆ ಹೊರಟ ದಿನ ಸಂಜೆಯೇ ಸಭೆಯ ಹಿರಿಯ ಅಮೋಯಿಸ್ ನಮ್ಮ ಸಭೆಯ ಪುಸ್ತಕವನ್ನು ನನ್ನ ಕೈಗೆ ಮತ್ತೊಮ್ಮೆ ಇಟ್ಟು ಹೇಳಿದ್ದರು. ಮೂರು ಮಾತು. ಕೊಡಬಾರದು. ಸುಳ್ಳು ಹೇಳಬಾರದು. ಕೇಳಿದರೆ ಸುಮ್ಮನಿರಬಹುದು. ಪುಸ್ತಕವನ್ನು ಕೈಯಾರೆ ಒಪ್ಪಿಸಿದವನಿಗೆ ಸಭೆಯಲ್ಲಿ ಜಾಗವಿಲ್ಲ; ಅವನು ಮತ್ತೆ ಓದುವಂತಿಲ್ಲ, ಪವಿತ್ರ ರೊಟ್ಟಿಯಲ್ಲಿ ಅವನಿಗೆ ಪಾಲಿಲ್ಲ. ಕೊಡದೆ ಸಿಕ್ಕಿಬಿದ್ದವನಿಗೆ ಸೆರೆ, ಇಲ್ಲವೇ ತಾಮ್ರದ ಗಣಿ. ಅವರು ನಮ್ಮ ಬೀದಿಗೆ ಬರುವ ಹಿಂದಿನ ದಿನವಷ್ಟೇ ಬಂದರಿನ ಕಡೆಯ ವಾಚಕ ಹಿಯೆರಾಕ್ಸನನ್ನು ಹಿಡಿದುಕೊಂಡು ಹೋಗಿದ್ದರು. ಅವನ ಮನೆಯಲ್ಲಿ ಪುಸ್ತಕ ಇರಲೇ ಇಲ್ಲ. ಎಲ್ಲಿದೆ ಎಂದು ಹೇಳಲಿಲ್ಲ, ಅಷ್ಟೇ.

ಆಜ್ಞೆ ಹೊರಟ ಮರುದಿನವೇ ಸಭೆಯ ಪುಸ್ತಕವನ್ನು ಎಣ್ಣೆ ಚರ್ಮದಲ್ಲಿ ಸುತ್ತಿ, ಮಾಳಿಗೆಯ ಮೇಲಿನ ಪಾರಿವಾಳದ ಗೂಡಿನೊಳಗೆ, ಗೋಡೆಗೆ ಕೂರಿಸಿದ ಮಡಕೆಗಳ ಹಿಂದೆ ಇಟ್ಟೆವು. ತ್ರಿಫೈನಾ ಮುಂದೆ ಹುಲ್ಲು ತುರುಕಿದಳು. ಐದು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೀದಿಯಲ್ಲಿ ಕತ್ತೆ ಅರಚಿದರೂ ಎದ್ದು ಕೂರುತ್ತಿದ್ದೆ. ನೆಲದಡಿಯ ನೀರುತೊಟ್ಟಿ ತಳ ಕಂಡಿತ್ತು, ಅದನ್ನು ತುಂಬುವ ನೈಲ್ ನದಿ ಇನ್ನೂ ಏರಿರಲಿಲ್ಲ. ನೀರು ಸೇದುವ ಕೊಡ ಕಲ್ಲಿಗೆ ತಾಗಿದ ಸದ್ದೂ ಬಾಗಿಲು ಬಡಿದ ಹಾಗೆ ಕೇಳುತ್ತಿತ್ತು.

ಹನ್ನೊಂದರ ಬೆಳಿಗ್ಗೆ ನಾನು ಬರೆಯಲು ಒಲ್ಲೆ ಎಂದೆ. ಮಾವ ಬಿಡಲಿಲ್ಲ.

"ಅವರು ಬರೋ ತನಕ ನಾನು ಸುಮ್ನೆ ಕೂತಿರ್ಬೇಕಾ? ವಯಸ್ಸು ಎಪ್ಪತ್ತೆಂಟು. ಕೂತ್ಕೊಳ್ಳಿ ಅಳಿಯಂದಿರೇ. ಎಲ್ಲಿಗೆ ನಿಲ್ಲಿಸಿದ್ವಿ?"

ಕೂತೆ. ನಾಲ್ಕು ಸಾಲು ಆಗುವಷ್ಟರಲ್ಲಿ ಅವರು ತಲೆ ಎತ್ತಿದರು.

"ಲೇಖನಿ ಸದ್ದು ಇಲಿ ಕಡಿದ ಹಾಗೆ ಕೇಳಿಸ್ತಿದೆ."

"ಏನಿಲ್ಲ ಮಾವ."

"ಏನಿಲ್ಲ ಅನ್ಬೇಕಾದ್ರೆ ಏನೋ ಒಂದು ಇರ್ಲೇಬೇಕು. ನಲವತ್ತು ವರ್ಷ ಇದನ್ನೇ ಪಾಠ ಮಾಡಿದೀನಿ ನಾನು."

ತ್ರಿಫೈನಾ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು ಮೇಜಿನ ಮೇಲಿನ ಪುಸ್ತಕ ನೋಡಿದಳು. "ರೀ, ಇದನ್ನೂ ಎತ್ತಿಡೋದಾ?"

"ಇದು ನಿಮ್ಮಪ್ಪಂದಲ್ವಾ? ಇದಕ್ಕೇನಾಗುತ್ತೆ" ಎಂದೆ.

ಆರು ದಿನ ನಾವಿಬ್ಬರೂ ಒಂದು ಪುಸ್ತಕದ ಬಗ್ಗೆ ಮಾತ್ರ ಯೋಚಿಸಿದ್ದೆವು. ಇನ್ನೊಂದು ಎಲ್ಲರ ಕಣ್ಣಿಗೂ ಕಾಣುವಂತೆ ಮೇಜಿನ ಮೇಲೆ ತೆರೆದೇ ಇತ್ತು.

ಬಾಗಿಲು ಬಡಿದವರು ನಾಲ್ಕು ಜನ. ಅಧಿಕಾರಿ, ಒಬ್ಬ ಗುಮಾಸ್ತ, ಬುಟ್ಟಿ ಹೊತ್ತ ಇಬ್ಬರು ಸರ್ಕಾರಿ ಆಳುಗಳು. ಅಧಿಕಾರಿಯ ಹೆಸರು ಸೋಸಿಬಿಯೋಸ್. ಒಳಗೆ ಕಾಲಿಟ್ಟವನೇ ಮಾವನನ್ನು ನೋಡಿ ಗಕ್ಕನೆ ನಿಂತ. ಇಪ್ಪತ್ತು ವರ್ಷದ ಹಿಂದೆ ಅವನು ಇದೇ ಮನೆಯ ಅಂಗಳದಲ್ಲಿ ಕೂತು ಪಾಠ ಕೇಳಿದ್ದ.

"ಗುರುಗಳೇ, ನಾನು ಸೋಸಿಬಿಯೋಸ್. ಧಾನ್ಯದ ವ್ಯಾಪಾರಿ ದೀಯಸ್‌ನ ಮಗ."

"ಗೊತ್ತಾಯ್ತು. ಎರಡು ವರ್ಷ ಬಂದೆ, ಒಂದೂವರೆ ವರ್ಷ ನಿದ್ದೆ ಮಾಡ್ದೆ."

ಆಳುಗಳು ನಕ್ಕರು. ಸೋಸಿಬಿಯೋಸ್ ನಗಲಿಲ್ಲ. "ಸರ್ಕಾರಿ ಕೆಲಸ ಗುರುಗಳೇ. ತಪ್ಪು ತಿಳ್ಕೋಬೇಡಿ. ಈ ಮನೇಲಿ ಪಾನಿಸ್ಕೋಸ್ ಅನ್ನೋ ವಾಚಕ..."

"ನಾನೇ" ಎಂದೆ.

"ಕ್ರೈಸ್ತರ ಪುಸ್ತಕ ಎಲ್ಲಿ?"

ನಾನು ಸುಮ್ಮನಿದ್ದೆ. ಗುಮಾಸ್ತ ಗೋಡೆಯ ಗೂಡುಗಳ ಕಡೆ ಹೋದ. ಅಲ್ಲಿ ಮಾವನ ಸುರುಳಿಗಳಿದ್ದವು, ಎಂಬತ್ತಕ್ಕೂ ಹೆಚ್ಚು, ಪ್ರತಿಯೊಂದಕ್ಕೂ ಚೀಟಿ ಕಟ್ಟಿದ್ದು. ಅವನು ಒಂದನ್ನೂ ಬಿಚ್ಚಲಿಲ್ಲ. ಅವರಿಗೆ ಹೇಳಿ ಕಳಿಸಿದ ಸೂತ್ರ ಸರಳವಾಗಿತ್ತು: ಸುತ್ತಿದ್ದು ಗ್ರೀಕರದು, ಹೊಲಿದದ್ದು ಕ್ರೈಸ್ತರದು. ಅವನು ತಿರುಗಿದ, ಮೇಜು ನೋಡಿದ.

"ಸ್ವಾಮಿ, ಇಲ್ಲಿದೆ."

ಸೋಸಿಬಿಯೋಸ್ ಪುಸ್ತಕ ಎತ್ತಿಕೊಂಡ. ನಡುವೆ ಎಲ್ಲೋ ತೆರೆದು, ತುಟಿ ಅಲ್ಲಾಡಿಸುತ್ತ ಓದತೊಡಗಿದ. ಆಮೇಲೆ ಗಟ್ಟಿಯಾಗಿ ಓದಿದ. "ಎಲ್ಲಕ್ಕೂ ಮೊದಲಿನದು ಒಂದೇ. ಅದರಿಂದ ಹೊರಟ ಮಾತು ಅದನ್ನು ಬಿಟ್ಟು ಬಂದದ್ದಲ್ಲ. ಕೆಳಗಿಳಿಯಲಾರದ ಒಳಿತು ಪೂರ್ತಿ ಒಳಿತಾಗಿರಲು ಸಾಧ್ಯವೇ ಎಂಬುದು ಇಲ್ಲಿನ ಪ್ರಶ್ನೆ."

ಆ ಸಾಲು ನನಗೆ ಚೆನ್ನಾಗಿ ನೆನಪಿತ್ತು. ಹಿಂದಿನ ಚಳಿಗಾಲದಲ್ಲಿ ನಾವಿಬ್ಬರೂ ಅದೇ ಮೇಜಿನ ಬಳಿ ಜಗಳವಾಡಿದ್ದೆವು. ಪೂರ್ತಿ ಒಳ್ಳೆಯದಾಗಿರುವುದು ಮನುಷ್ಯನ ಮೈಯಲ್ಲಿ ಇಳಿದು ಬರಬೇಕಾದರೆ ಅದಕ್ಕೇನು ಕೊರತೆಯಾಗಿತ್ತು ಎಂದು ಮಾವ ಕೇಳಿದ್ದರು. ಕೊರತೆ ಅದಕ್ಕಲ್ಲ, ನಮಗೆ ಎಂದಿದ್ದೆ. "ಇದು ಉತ್ತರ ಅಲ್ಲ, ಸಂತೆ ಮಾತು" ಎಂದು ಅವರು ಎದ್ದು ಹೋಗಿದ್ದರು. ನಾಲ್ಕು ದಿನವಾದ ಮೇಲೆ ತಾವಾಗಿಯೇ ಆ ಪ್ರಶ್ನೆಯನ್ನು ಬರೆಸಿದರು. ಉತ್ತರ ಬರೆಸಲಿಲ್ಲ. ಅವರಿಂದ ನಾನು ಪಡೆದದ್ದೂ ಕಡಿಮೆಯೇನಲ್ಲ. ದೀಕ್ಷೆಗೆ ಬಂದವರಿಗೆ ದೇವರಿಗೆ ರೂಪವಿಲ್ಲ, ಅಳತೆಯಿಲ್ಲ ಎಂದು ನಾನು ವಿವರಿಸುತ್ತಿದ್ದ ಮಾತುಗಳು ಈ ಅಂಗಳದಲ್ಲಿ ಕಲಿತವು. ಜನ ಅವುಗಳನ್ನು ಸಭೆಯ ಮಾತು ಎಂದುಕೊಂಡು ತಲೆದೂಗುತ್ತಿದ್ದರು.

ಸೋಸಿಬಿಯೋಸ್ ಪುಸ್ತಕ ಮುಚ್ಚಿದ. "ಗುರುಗಳೇ, ನಿಮ್ಮ ಮನೇಲಿ ಇಂಥಾದ್ದು ಬರೀತಿದಾರೆ ಅಂತ ನಿಮಗೆ ಗೊತ್ತಾ? ನೀವು ನಮಗೆ ಕಲಿಸಿದ್ದು ಇದಲ್ಲ."

ಮಾವನ ಮುಖದಲ್ಲಿ ಏನೋ ಹಾದುಹೋಯಿತು. ತಮ್ಮ ಮಾತನ್ನು ತಮ್ಮ ಶಿಷ್ಯನೇ ಗುರುತಿಸಲಿಲ್ಲ ಎಂಬುದು ಅವರಿಗೆ ನೋವೋ ಸಂತೋಷವೋ ನನಗೆ ತಿಳಿಯಲಿಲ್ಲ.

"ಇದು ಯಾರದು?" ಎಂದು ಅವನು ನನ್ನನ್ನು ಕೇಳಿದ.

ಸುಮ್ಮನಿರಬಹುದು ಎಂದಿದ್ದರು ಅಮೋಯಿಸ್. ಆದರೆ ಈ ಪ್ರಶ್ನೆಗೆ ಸುಮ್ಮನಿದ್ದರೆ ಮಾವನ ಪುಸ್ತಕ ಹೋಗುತ್ತದೆ. ಇದು ಮಾವನದು ಎಂದರೆ ಹುಡುಕಾಟ ಮುಂದುವರಿಯುತ್ತದೆ. ಅಷ್ಟರಲ್ಲಿ ಗುಮಾಸ್ತ ಅಂಗಳದ ಮೂಲೆಗೆ ಹೋಗಿ ಮೇಲೆ ನೋಡಿದ. "ಸ್ವಾಮಿ, ಮಾಳಿಗೆಗೆ ಏಣಿ ಇದೆ. ಅಲ್ಲೂ ನೋಡಿಬಿಡೋಣ್ವಾ?" ಒಬ್ಬ ಆಳು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಏಣಿ ಕಿರುಗುಟ್ಟಿತು. ಮೇಲೆ ಪಾರಿವಾಳಗಳು ರೆಕ್ಕೆ ಬಡಿದವು. ಒಲೆಯ ಹತ್ತಿರ ತ್ರಿಫೈನಾಳ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

ನಾನು ಬಾಯಿ ತೆರೆದೆ. ನಿಜ ಹೇಳಬೇಕೆಂದೇ ತೆರೆದೆ.

"ಅದು ಅವನದು" ಎಂದರು ಮಾವ.

"ಮಾವ..."

"ನೀನು ಸುಮ್ನಿರು. ಸೋಸಿಬಿಯೋಸ್, ನನ್ನ ಪುಸ್ತಕ ಯಾವತ್ತಾದ್ರೂ ಹೊಲಿದಿದ್ದು ನೋಡಿದೀಯಾ? ಮೂರು ವರ್ಷದಿಂದ ನನ್ನ ಮೇಜಿನ ಮೇಲೇ ಕೂತು ಕೆರೀತಾ ಇದಾನೆ. ಮನೆಯಳಿಯ, ಏನು ಮಾಡೋದು? ತಗೊಂಡು ಹೋಗು. ಮನೆ ಚೊಕ್ಕಟ ಆಗುತ್ತೆ. ಮತ್ತೆ ಆ ನಿನ್ನ ಆಳಿಗೆ ಹೇಳು, ಪಾರಿವಾಳ ಮರಿ ಮಾಡಿವೆ, ಬೆದರಿಸಿದ್ರೆ ನಾನು ನಗರಸಭೆಗೆ ದೂರು ಕೊಡ್ತೀನಿ ಅಂತ."

ಸೋಸಿಬಿಯೋಸ್‌ಗೆ ಬೇಗ ಹೊರಡುವುದೇ ಬೇಕಾಗಿತ್ತು. ಕೈ ಆಡಿಸಿದ. ಆಳು ಏಣಿಯಿಂದ ಕಾಲು ತೆಗೆದ. ಪುಸ್ತಕ ಬುಟ್ಟಿಗೆ ಬಿತ್ತು. ಗುಮಾಸ್ತ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಎರಡು ಪ್ರತಿ ಬರೆದ. ವಾಚಕ ಪಾನಿಸ್ಕೋಸ್ ತನ್ನಲ್ಲಿದ್ದ ಒಂದು ಪುಸ್ತಕವನ್ನು ಒಪ್ಪಿಸಿದ್ದಾನೆ.

"ಇಲ್ಲಿ ಹೆಸರು ಬರಿ."

ಬರೆಯದೆ ಇರಬಹುದಾಗಿತ್ತು. ಬರೆದೆ. ಬೆಳಿಗ್ಗೆ ಇಲಿ ಕಡಿದ ಹಾಗೆ ಸದ್ದು ಮಾಡಿದ್ದ ಲೇಖನಿ ಆ ಹೊತ್ತಿನಲ್ಲಿ ಸದ್ದಿಲ್ಲದೆ ಓಡಿತು. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಅವರು ಬೀದಿಯ ತಿರುವು ದಾಟಿದ ಮೇಲೆ ತ್ರಿಫೈನಾ ಅಪ್ಪನ ಮುಂದೆ ಕುಕ್ಕರಿಸಿದಳು.

"ಅಪ್ಪಾ, ಯಾಕೆ ಹಾಗಂದ್ರಿ?"

"ಏಣಿ ಮೇಲೆ ಕಾಲಿಟ್ಟಿದ್ದು ಕೇಳಿಸ್ತು."

"ನಿಮಗೆ ಗೊತ್ತಿತ್ತಾ ಅಲ್ಲಿ..."

"ಐದು ದಿನದಿಂದ ಪಾರಿವಾಳ ಗಲಾಟೆ ಮಾಡ್ತಿವೆ. ನಾನು ಕುರುಡ ಕಣೇ, ಕಿವುಡ ಅಲ್ಲ."

"ನಿಮ್ಮ ಮೂರು ವರ್ಷದ ಕೆಲಸ ಮಾವ" ಎಂದೆ.

"ನನ್ನ ಮಗಳು ಗಣಿಗೆ ಹೋದೋನ ಹೆಂಡ್ತಿ ಆಗೋದು ಬೇಡ. ಅಷ್ಟೇ. ಇದರಲ್ಲಿ ತತ್ತ್ವ ಹುಡುಕಬೇಡಿ." ಅವರು ಕೋಲು ತಡಕಿ ಎದ್ದು ತಮ್ಮ ಕೋಣೆಗೆ ಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಮರುದಿನ ನಡುಹಗಲು ಪೇಟೆಯಲ್ಲಿ ಪುಸ್ತಕಗಳನ್ನು ಸುಟ್ಟರು. ನಾನು ಹೋಗಿದ್ದೆ. ಕಂಬದ ಹಿಂದೆ ನಿಂತಿದ್ದೆ. ಒಟ್ಟು ಮೂವತ್ತೊಂದು ಪುಸ್ತಕ, ಎಣಿಸಿದೆ. ಯಾವುದು ಮಾವನದು ಎಂದು ಆ ದೂರದಿಂದ ತಿಳಿಯಲಿಲ್ಲ. ಬೆಂಕಿ ಇಡುವ ಮೊದಲು ಸಾರುವವನು ಒಪ್ಪಿಸಿದವರ ಹೆಸರುಗಳನ್ನು ಒಂದೊಂದಾಗಿ ಕೂಗಿದ. ನನ್ನ ಹೆಸರು ಆರನೆಯದಾಗಿ ಬಂತು. ನನ್ನ ಪಕ್ಕ ನಿಂತಿದ್ದ ಖರ್ಜೂರ ಮಾರುವವಳು, "ಪರವಾಗಿಲ್ಲ, ಬುದ್ಧಿವಂತರೂ ಇದಾರೆ ಇವರಲ್ಲಿ" ಎಂದಳು.

ಸಂಜೆಯ ಹೊತ್ತಿಗೆ ನಮ್ಮ ಸಭೆಯವರಿಗೆಲ್ಲ ತಿಳಿದಿತ್ತು. ಬೀದಿಯಲ್ಲಿ ಸಿಕ್ಕವರು ಮುಖ ತಿರುಗಿಸಿದರು. ಎದುರು ಮನೆಯವರು ತ್ರಿಫೈನಾಳಿಂದ ಎರವಲು ಪಡೆದಿದ್ದ ಜರಡಿಯನ್ನು ಹೊಸಿಲಾಚೆ ಇಟ್ಟು ಹೋದರು, ಒಳಗೆ ಬರಲಿಲ್ಲ. ಅವಳು ಜರಡಿ ಎತ್ತಿಕೊಂಡು ಬಂದು, "ಭಾನುವಾರ ಪುಸ್ತಕ ತಗೊಂಡು ಹೋಗಿ ಎಲ್ಲರ ಮುಂದೆ ಇಟ್ಟುಬಿಡಿ. ಕಣ್ಣಾರೆ ನೋಡಿದ ಮೇಲೆ ಏನಂತಾರೆ?" ಎಂದಳು. ನನಗೂ ಹಾಗೇ ಅನಿಸಿತ್ತು. ಆದರೆ ನಾನು ಸಹಿ ಹಾಕಿದ ಚೀಟಿ ನಗರಸಭೆಯಲ್ಲಿತ್ತು.

ಸಭಾಮನೆ ಕೆಡವಿದ್ದರಿಂದ ನಾವು ಸೇರುತ್ತಿದ್ದದ್ದು ಕಾಲುವೆ ದಂಡೆಯ ಒಂದು ನೇಕಾರರ ಕೊಟ್ಟಿಗೆಯಲ್ಲಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಲವತ್ತು ಜನ ಇದ್ದಿರಬಹುದು. ನಾನು ಚರ್ಮದ ಗಂಟು ಬಿಚ್ಚಿ ಸಭೆಯ ಪುಸ್ತಕವನ್ನು ಮಗ್ಗದ ಹಲಗೆಯ ಮೇಲೆ ಇಟ್ಟೆ. ಒಂದು ಮೂಲೆಗೆ ಪಾರಿವಾಳದ ಹಿಕ್ಕೆ ಅಂಟಿತ್ತು. ಮುದುಕಿಯೊಬ್ಬಳು ಬಗ್ಗಿ ಅದಕ್ಕೆ ಮುತ್ತಿಟ್ಟಳು. ಕೆಲವರು ಅತ್ತರು. ನಾನು ಉಸಿರು ಬಿಟ್ಟೆ.

ಹಿಯೆರಾಕ್ಸನ ತಂಗಿ ತಾಯೆಸಿಸ್ ಮಾತ್ರ ಹತ್ತಿರ ಬರಲಿಲ್ಲ. ಅಣ್ಣನಿಗೆ ಸೆರೆಮನೆಗೆ ರೊಟ್ಟಿ ಕೊಟ್ಟು ನೇರ ಬಂದಿದ್ದಳು, ಖಾಲಿ ಬುಟ್ಟಿ ಕೈಯಲ್ಲೇ ಇತ್ತು.

"ಹಂಗಾದ್ರೆ ನೀನು ಅವರಿಗೆ ಕೊಟ್ಟಿದ್ದು ಏನು ಪಾನಿಸ್ಕಣ್ಣ?"

"ಮಾವನ ಪುಸ್ತಕ. ಅವರೇ ಕೊಡು ಅಂದ್ರು."

"ಕ್ರೈಸ್ತರ ಪುಸ್ತಕ ಅಂತ ಹೇಳಿ ಕೊಟ್ಟೆ."

"ನಾನು ಹೇಳ್ಲಿಲ್ಲ."

"ಬರೆದು ಕೊಟ್ಟೆ. ಸಾರೋನು ಕೂಗಿದ್ದನ್ನ ನಾನೇ ಕೇಳಿದೀನಿ. ನಮ್ಮಣ್ಣನ ಮನೇಲೂ ಒಂದು ಗ್ರೀಕ್ ಪುಸ್ತಕ ಇದ್ದಿದ್ರೆ ಕೊಟ್ಟು ಮನೇಲಿ ಮಲಗಬಹುದಿತ್ತು, ಅಲ್ವಾ? ಪಾಪ, ಅವನ ಮಾವ ಮೀನು ಹಿಡಿಯೋನು."

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಅಮೋಯಿಸ್ ಕೈ ಎತ್ತಿದರು. ಅವರು ಹಗ್ಗ ಹೊಸೆಯುವ ಕಸುಬಿನವರು, ನಿಧಾನಿ.

"ತಾಯೆಸಿಸ್, ನಿಲ್ಲು. ಪಾನಿಸ್ಕೋಸ್, ನನ್ನ ಲೆಕ್ಕ ಇಷ್ಟೇ. ಯಾವುದೋ ಕೆಲಸಕ್ಕೆ ಬಾರದ ಕಟ್ಟು ಕೊಟ್ಟು ಅವರನ್ನ ಏಮಾರಿಸಿದ್ದೀಯ ಅಂದ್ರೆ, ಅದು ಸಣ್ಣ ತಪ್ಪು. ಒಂದು ವಾರ ಉಪವಾಸ ಮಾಡು, ಮುಂದಿನ ಭಾನುವಾರ ನೀನೇ ಓದು. ಆದರೆ ಅದರಲ್ಲಿ ಸತ್ಯ ಇತ್ತು ಅಂತಾದ್ರೆ, ನೀನು ಸತ್ಯಾನ ನಮ್ಮದು ಅಂತ ಸಹಿ ಹಾಕಿ ಬೆಂಕಿಗೆ ಕೊಟ್ಟ ಹಾಗೆ. ಆಗ ನೀನು ಒಪ್ಪಿಸಿದವನೇ. ಹೇಳು, ಅದರಲ್ಲಿ ಏನಿತ್ತು?"

"ಗ್ರೀಕರ ವಿಚಾರ."

"ಯಾವ ವಿಚಾರ? ಬರೆದೋನು ನೀನು. ಓದಿ ಹೇಳೋದು ನಿನ್ನ ಕೆಲಸ. ಬಾಯಲ್ಲಿರುತ್ತೆ, ಹೇಳು."

ಬಾಯಲ್ಲಿ ಇತ್ತು. ವಾಚಕನಿಗೆ ಬರೆದದ್ದೆಲ್ಲ ಉಳಿದುಬಿಡುತ್ತದೆ. ಮೂರನೆಯ ಭಾಗದ ಮೊದಲಿನಿಂದ ಹೇಳತೊಡಗಿದೆ. ಎಲ್ಲಕ್ಕೂ ಮೊದಲಿನ ಒಂದು, ಅದಕ್ಕೆ ಹೆಸರಿಲ್ಲದಿರುವುದು, ಅದರ ಮಾತು ಅದರಿಂದ ಬೇರೆಯಾಗದೆ ಎಲ್ಲವನ್ನೂ ಮಾಡಿದ್ದು, ಮನುಷ್ಯನ ಒಳಗಣ್ಣು ಕೊಳೆಯಾಗಿರುವುದರಿಂದ ಅದನ್ನು ಕಾಣಲಾರದೆ ಹೋದದ್ದು, ಆಮೇಲೆ ಆ ಪ್ರಶ್ನೆ. ಅಭ್ಯಾಸಬಲದಿಂದ ನನಗೆ ಓದುವ ದನಿಯೇ ಬಂದಿತ್ತು. ನಿಲ್ಲಿಸಿದಾಗ ಹಿಂದೆ ನಿಂತಿದ್ದ ಒಬ್ಬ ನೇಕಾರ, ಪ್ರತಿ ಓದಿನ ಕೊನೆಗೆ ಹೇಳುವ ಹಾಗೆ, "ಆಮೆನ್" ಎಂದುಬಿಟ್ಟ. ಅವನ ಹೆಂಡತಿ ಮೊಣಕೈಯಿಂದ ತಿವಿದಳು.

ಅಮೋಯಿಸ್ ಹಣೆ ಉಜ್ಜಿಕೊಂಡರು.

"ಇದನ್ನ ಹೇಳಿದೋನು ದೀಕ್ಷೆ ತಗೊಂಡಿಲ್ಲ?"

"ಇಲ್ಲ."

"ತಗೊಳ್ಳೋದೂ ಇಲ್ಲ?"

"ಇಲ್ಲ ಅಂತಾರೆ."

ಅವರು ನನ್ನ ತೋಳು ಹಿಡಿದು ಮಗ್ಗದ ಆಚೆಗೆ ಕರೆದುಕೊಂಡು ಹೋದರು. ಆದರೂ ಕೊಟ್ಟಿಗೆ ಚಿಕ್ಕದು, ಎಲ್ಲರಿಗೂ ಕೇಳುತ್ತಿತ್ತು.

"ನೋಡು ಮಗಾ, ನಾನು ಹಗ್ಗ ಹೊಸೆಯೋನು. ಎರಡು ಎಳೆ ಯಾವುದು ಎಲ್ಲಿ ಸೇರ್ತು ಅಂತ ಹೊಸೆದ ಮೇಲೆ ನಂಗೂ ಗೊತ್ತಾಗಲ್ಲ. ಇದು ನಮ್ಮದಲ್ಲ ಅಂತ ನಾನು ಹೇಳಲಾರೆ, ನಮ್ಮದು ಅಂತಾನೂ ಹೇಳಲಾರೆ. ನೀನು ಹೇಳು. ಸುಮ್ನೆ ಗ್ರೀಕರ ಹರಟೆ ಅಂದ್ಬಿಡು. ಒಂದೇ ಮಾತು. ನಿನ್ನ ಬಿಟ್ರೆ ನಮಗೆ ಸರಿಯಾಗಿ ಓದೋರಿಲ್ಲ."

ದಾರಿ ತೆರೆದೇ ಇತ್ತು. ತ್ರಿಫೈನಾ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹರಟೆ ಎಂದರೆ ಮುಂದಿನ ಭಾನುವಾರ ಓದುವ ಜಾಗ ನನ್ನದು. ಹನ್ನೊಂದು ವರ್ಷ ಅದೇ ನನ್ನ ಬದುಕಾಗಿತ್ತು. ಮಾವನಿಗೆ ಗೊತ್ತಾಗುವುದೂ ಇಲ್ಲ. ಗೊತ್ತಾದರೂ ಅವರೇ ಹಾಗೆ ಹೇಳು ಎನ್ನುವವರು. ಆದರೆ ಅದು ಸುಳ್ಳು. ಸಹಿ ಹಾಕಿ ಒಂದು ಸುಳ್ಳು ಆಗಲೇ ಹೇಳಿದ್ದೆ. ಅದು ಹೆದರಿಕೆಯಲ್ಲಿ ಆದದ್ದು. ಇದು ಯೋಚಿಸಿ ಹೇಳುವ ಸುಳ್ಳು, ಸಭೆಯ ಪುಸ್ತಕದ ಮುಂದೆ ನಿಂತು.

"ಹರಟೆ ಅಲ್ಲ" ಎಂದೆ.

"ಮತ್ತೆ?"

"ಅದರಲ್ಲಿ ಸತ್ಯ ಇತ್ತು. ಪೂರ್ತಿ ಅಲ್ಲ. ಬಾಗಿಲ ತನಕ ಬಂದು ನಿಂತಿತ್ತು. ನಾನು ದೀಕ್ಷೆಯೋರಿಗೆ ಹೇಳಿಕೊಟ್ಟಿದ್ದರಲ್ಲಿ ಅರ್ಧ ಅದರಿಂದಲೇ ಬಂದಿದ್ದು."

ಹಿಂದೆ ಗುಸುಗುಸು ಎದ್ದಿತು. ಅಮೋಯಿಸ್ ನನ್ನ ತೋಳು ಬಿಟ್ಟರು.

"ನಿನ್ನ ಕೊರಳಿಗೆ ನೀನೇ ಕಟ್ಕೊಂಡೆ" ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ ತೀರ್ಪು ಹೇಳಿದರು. ವಾಚಕನ ಕೆಲಸದಿಂದ ಪಾನಿಸ್ಕೋಸನನ್ನು ತೆಗೆದಿದೆ. ವರ್ಷಕ್ಕೊಮ್ಮೆ ಬರುವ ಪಾಸ್ಕ ಹಬ್ಬ ಎರಡು ಸಲ ಕಳೆಯುವವರೆಗೆ ಅವನು ಬಾಗಿಲ ಬಳಿ ನಿಲ್ಲಬೇಕು, ರೊಟ್ಟಿಯ ಹೊತ್ತಿಗೆ ಹೊರಗೆ ಹೋಗಬೇಕು. ಪುಸ್ತಕ ಬೇರೆಯವರ ಮನೆಗೆ ಹೋಗುತ್ತದೆ. ಯಾರ ಮನೆಗೆ ಎಂಬುದು ಇನ್ನು ಅವನಿಗೆ ತಿಳಿಯುವ ಅಗತ್ಯವಿಲ್ಲ.

ತಾಯೆಸಿಸ್ ನನ್ನನ್ನು ದಾಟಿ ಹೋಗುವಾಗ ನಿಂತಳು. "ನೀನು ಹರಟೆ ಅಂತೀಯ ಅಂದ್ಕೊಂಡಿದ್ದೆ" ಎಂದಳು. ಅಷ್ಟೇ. ಕ್ಷಮಿಸಿದಳೆಂದು ನನಗನಿಸಲಿಲ್ಲ.

ಹಿಂತಿರುಗುವಾಗ ತ್ರಿಫೈನಾ ಕಾಲುವೆಯ ಸೇತುವೆವರೆಗೂ ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಆಮೇಲೆ, "ಗುಮಾಸ್ತ ಮತ್ತೆ ಬರ್ತಾನಂತೆ. ಎರಡನೇ ಪಟ್ಟಿ ಮಾಡ್ತಿದಾರಂತೆ, ಈ ಸಲ ಸಭೆ ಹಿರಿಯರದ್ದು" ಎಂದಳು. ನಾನು ಹೂಂ ಎಂದೆ. ಅವಳು ಒಂದು ಸಲ ಹಿಂದೆ ತಿರುಗಿ ನೋಡಿದಳು. ನಾನೂ ನೋಡಿದೆ. ಯಾರೂ ಇರಲಿಲ್ಲ.

ಮಾವ ಅಂಗಳದಲ್ಲಿ ಅಂಜೂರದ ನೆರಳಿಗೆ ಕೂತಿದ್ದರು. ನಮ್ಮ ಹೆಜ್ಜೆ ಕೇಳಿದೊಡನೆ ಮುಖ ಎತ್ತಿದರು.

"ಏನಂದ್ರು ನಿಮ್ಮ ಹಗ್ಗದೋರು? ಜಾಗ ಉಳೀತಾ?"

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬಿಟ್ಟದ್ದು ನೇಕಾರನ ಆಮೆನ್ ಒಂದೇ. ಅದನ್ನು ತ್ರಿಫೈನಾ ಹೇಳಿಬಿಟ್ಟಳು. ಅವರು ನಗಲಿಲ್ಲ. ಕೋಲಿನಿಂದ ನೆಲ ಕುಟ್ಟಿದರು.

"ಎಂಥಾ ದಡ್ಡ! ನೀನು ಉಳೀಲಿ ಅಂತ ನಾನು ಅದನ್ನ ಕೊಟ್ಟೆ. ನನ್ನ ಪುಸ್ತಕಾನೂ ಹೋಯ್ತು, ನಿನ್ನ ಕೆಲಸಾನೂ ಹೋಯ್ತು. ಹರಟೆ ಅಂದಿದ್ರೆ ನಂಗೇನು ಮೈ ಸವೀತಿತ್ತಾ? ಸೋಸಿಬಿಯೋಸ್ ಇಪ್ಪತ್ತು ವರ್ಷದಿಂದ ಹಾಗೇ ಅಂದ್ಕೊಂಡಿದಾನೆ."

"ಹೇಳಕ್ಕಾಗ್ಲಿಲ್ಲ ಮಾವ."

"ಆಗ್ಲಿಲ್ವಂತೆ." ಬೀದಿಯಲ್ಲಿ ಯಾರೋ ಓಡಿಹೋದರು, ಮೂವರೂ ಕಿವಿಗೊಟ್ಟೆವು. ಹೆಜ್ಜೆಗಳು ಬಂದರಿನ ಕಡೆ ಕ್ಷೀಣಿಸಿದವು.

"ಯಾವ ಭಾಗ ಹೇಳ್ದೆ?" ಎಂದರು ಮಾವ.

"ಮೂರನೇದು. ಮೊದಲಿನಿಂದ."

"ಮೂರನೇದು ಯಾಕೆ ಹೇಳಕ್ಕೆ ಹೋದೆ? ಅದು ಇನ್ನೂ ಸಡಿಲ. ಪ್ರಶ್ನೆ ಕೇಳಿ ಹಾಗೇ ಬಿಟ್ಟಿದೀನಿ. ನಾಲ್ಕನೇದು ಹೇಳ್ಬೇಕಿತ್ತು" ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.